ಕ್ರೈಸ್ತ ವಿದ್ಯಾರ್ಥಿ ಗುಂಪಿನಲ್ಲಿ ಆಸರೆ ಮತ್ತು ಮುಂದಾಳತ್ವ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ಕ್ರೈಸ್ತ ಗುಂಪು ಒಂದು ಥರದ ಬಸ್ಸು. ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ, ಡ್ರೈವರ್ ಕೂಡ ಮೂರು ನಾಲ್ಕು ವರ್ಷಕ್ಕೆ ಇಳಿದು ಹೋಗುತ್ತಾನೆ. ನಾನು ಮೊದಲು ಅದರಲ್ಲಿ ಹಿಂದಿನ ಸೀಟಿನಲ್ಲಿ ಕೂತವನು, ಆಮೇಲೆ ಓಡಿಸಿದವನು, ಈಗ ಪಕ್ಕದಲ್ಲಿ ನಿಂತು ನೋಡುವ ಹಳೆಯ ವಿದ್ಯಾರ್ಥಿ. ಹುಡುಗ ಹುಡುಗಿಯರು ಪ್ರತಿ ವರ್ಷ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಹೇಳಿ ಹೇಳಿ ಬಾಯಿಪಾಠ ಆಗಿದೆ, ಅದಕ್ಕೆ ಬರೆದಿಟ್ಟಿದ್ದೇನೆ. ಮೊದಲ ಭಾಗ ಆಸರೆ ಹುಡುಕುವವರಿಗೆ, ಉಳಿದದ್ದು ಜವಾಬ್ದಾರಿ ಹೊತ್ತವರಿಗೆ. ಎರಡನ್ನೂ ಓದಿ. ಇವತ್ತು ಅಳುತ್ತಾ ಬಂದವರೇ ಮುಂದಿನ ವರ್ಷ ಕೂಟ ನಡೆಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಭಾನುವಾರ ಚರ್ಚ್‌ಗೆ ಹೋಗುತ್ತೇನೆ. ಮತ್ತೆ ಈ ಗುಂಪು ಯಾಕೆ?

ಚರ್ಚ್ ಬಿಟ್ಟು ಇಲ್ಲಿಗೆ ಬನ್ನಿ ಎಂದು ಯಾರಾದರೂ ಹೇಳಿದರೆ ಆ ಮಾತು ಕೇಳಬೇಡಿ. ಚರ್ಚ್‌ನಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಇರುತ್ತಾರೆ, ಅದು ಬೇಕು. ಆದರೆ ನಾಳೆ ಬೆಳಗ್ಗೆ ಪ್ರಾಕ್ಟಿಕಲ್ ಪರೀಕ್ಷೆ ಇದೆ, ರೂಮ್‌ಮೇಟ್ ಮಾತು ಬಿಟ್ಟಿದ್ದಾನೆ, ಕ್ಲಾಸಿನಲ್ಲಿ ಕೇಳಿದ ಪ್ರಶ್ನೆಯೊಂದು ನಂಬಿಕೆಯನ್ನೇ ಅಲುಗಾಡಿಸಿದೆ. ಇದನ್ನೆಲ್ಲ ವಿವರಿಸಿ ಹೇಳದೆಯೇ ಅರ್ಥ ಮಾಡಿಕೊಳ್ಳುವವರು ಅದೇ ಕಾಲೇಜಿನಲ್ಲಿ ಓದುವವರು ತಾನೇ? ಗುಂಪಿನ ಕೆಲಸ ಅಷ್ಟೇ. ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ, ಮಣ್ಣು ಇವೆಲ್ಲ ಚರ್ಚಿನದ್ದು.

ಇದೇನೂ ಹೊಸ ವಿಷಯವಲ್ಲ. 1729ರ ಹೊತ್ತಿಗೆ ಆಕ್ಸ್‌ಫರ್ಡ್‌ನಲ್ಲಿ ಚಾರ್ಲ್ಸ್ ವೆಸ್ಲಿ ಒಂದಿಬ್ಬರು ಗೆಳೆಯರ ಜೊತೆ ಕೂತು ಓದುವುದು, ಪ್ರಾರ್ಥಿಸುವುದು ಶುರು ಮಾಡಿದ. ಆಮೇಲೆ ಜೈಲಿನಲ್ಲಿದ್ದವರನ್ನೂ ಹೋಗಿ ನೋಡತೊಡಗಿದರು. ಉಳಿದ ಹುಡುಗರು ಗೇಲಿ ಮಾಡಿ ಇಟ್ಟ ಹೆಸರುಗಳಲ್ಲಿ 'ಮೆಥಡಿಸ್ಟ್' (ಎಲ್ಲವನ್ನೂ ಕ್ರಮಬದ್ಧವಾಗಿ ಮಾಡುವವರು) ಕೂಡ ಒಂದು. ಗಮನಿಸಿ, ಶುರು ಮಾಡಿದವನು ಚಾರ್ಲ್ಸ್, ಆದರೆ ಅಣ್ಣ ಜಾನ್ ವಾಪಸ್ ಬಂದಾಗ ಮುಂದಾಳತ್ವ ಅವನ ಕೈಗೆ ಹೋಯಿತು. ಈ ವಿಷಯಕ್ಕೆ ಕೆಳಗೆ ಮತ್ತೆ ಬರುತ್ತೇನೆ.

ಗುಂಪನ್ನು ಹುಡುಕುವುದು ಹೇಗೆ?

ಮೊದಲು ನಿಮ್ಮ ಪಾಸ್ಟರ್ ಅಥವಾ ಫಾದರ್ ಹತ್ತಿರ ಕೇಳಿ. ಆಮೇಲೆ ಸೀನಿಯರ್‌ಗಳ ಹತ್ತಿರ. ದೊಡ್ಡ ಜಾಲಗಳೂ ಇವೆ. 1895ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟಕ್ಕೆ ಹಲವು ದೇಶಗಳ 'ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್' ಸೇರಿವೆ. ಸುವಾರ್ತಾ (ಇವ್ಯಾಂಜೆಲಿಕಲ್) ಹಿನ್ನೆಲೆಯ ಗುಂಪುಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಇಎಸ್ 1947ರಲ್ಲಿ ಹುಟ್ಟಿತು. ಕ್ಯಾಥೊಲಿಕ್ ವಿದ್ಯಾರ್ಥಿಗಳಿಗೆ 1921ರಲ್ಲಿ ಆರಂಭವಾದ ಪಾಕ್ಸ್ ರೊಮಾನಾ ಇದೆ, 'ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್' ಇದೆ. ಒಂದೊಂದರ ಸ್ವಭಾವ ಒಂದೊಂದು ಥರ. ಕೆಲವು ಬೈಬಲ್ ಅಧ್ಯಯನಕ್ಕೆ ಒತ್ತು ಕೊಡುತ್ತವೆ, ಕೆಲವು ಸಮಾಜದ ನ್ಯಾಯದ ಕಡೆ ಜಾಸ್ತಿ ನೋಡುತ್ತವೆ. ಎರಡು ಮೂರು ಕೂಟಕ್ಕೆ ಹೋಗಿ ನೋಡಿಯೇ ತೀರ್ಮಾನಿಸಿ.

ನಾನು ಕ್ಯಾಥೊಲಿಕ್, ಅಲ್ಲಿ ಇರುವವರು ಹೆಚ್ಚಾಗಿ ಪೆಂಟೆಕೋಸ್ಟಲ್. ಹೊಂದಿಕೊಳ್ಳಬಹುದಾ?

ಹೊಂದಿಕೊಳ್ಳಬಹುದು, ಸ್ವಲ್ಪ ಮುಜುಗರ ಇದ್ದೇ ಇರುತ್ತದೆ. ಅವರು ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವಾಗ ನೀವು ಕೈಕಟ್ಟಿ ಸುಮ್ನೆ ನಿಂತಿರುತ್ತೀರಿ. ನೀವು ಶಿಲುಬೆ ಗುರುತು ಹಾಕಿಕೊಂಡಾಗ ಯಾರೋ ಓರೆಗಣ್ಣಲ್ಲಿ ನೋಡುತ್ತಾರೆ. ಒಳ್ಳೆಯ ಲೀಡರ್ ಇದ್ದರೆ ಇದನ್ನು ಮೊದಲ ವಾರವೇ ಬಾಯಿಬಿಟ್ಟು ಹೇಳುತ್ತಾನೆ: "ಇಲ್ಲಿ ಬೇರೆ ಬೇರೆ ಸಭೆಯವರು, ಅಂದರೆ ಬೇರೆ ಬೇರೆ ಪಂಗಡದವರು ಇದ್ದೀವಿ. ಶಿಶು ದೀಕ್ಷಾಸ್ನಾನ, ಅನ್ಯಭಾಷೆ (ಪವಿತ್ರಾತ್ಮನ ಪ್ರೇರಣೆ ಎಂದು ನಂಬಿ ಕಲಿಯದ ಭಾಷೆಯಲ್ಲಿ ಪ್ರಾರ್ಥಿಸುವುದು), ಯೇಸುವಿನ ತಾಯಿ ಮರಿಯಮ್ಮ, ಇವುಗಳ ಮೇಲೆ ವಾದ ಬೇಡ. ಕೇಳಬೇಕು ಅನಿಸಿದರೆ ಆಮೇಲೆ ಕೂತು ಮಾತಾಡೋಣ." ಹಾಗೆ ಹೇಳದೆ ನಿಮ್ಮ ಸಭೆ ಬದಲಾಯಿಸಲು ತಿಂಗಳುಗಟ್ಟಲೆ ಹಿಂದೆ ಬಿದ್ದರೆ ಬೇರೆ ಗುಂಪು ನೋಡಿಕೊಳ್ಳಿ.

ಮೊದಲ ದಿನ ಹೋದೆ. ಯಾರೂ ಮಾತಾಡಿಸಲಿಲ್ಲ.

ತಪ್ಪು ಅವರದ್ದೇ. ಆದರೂ ಇನ್ನೊಂದು ಸಲ ಹೋಗಿ, ಹತ್ತು ನಿಮಿಷ ಮುಂಚೆ ಹೋಗಿ. ಕೂಟ ಮುಗಿದ ಮೇಲೆ ಎಲ್ಲರೂ ತಂತಮ್ಮ ಗೆಳೆಯರ ಹತ್ತಿರ ಓಡುತ್ತಾರೆ, ಹೊಸಬರು ಗೋಡೆಗೆ ಒರಗಿ ಫೋನ್ ನೋಡುತ್ತಾ ನಿಲ್ಲಬೇಕಾಗುತ್ತದೆ. ಮುಂಚೆ ಹೋದರೆ ಕುರ್ಚಿ ಜೋಡಿಸುವವರು ಒಬ್ಬರೋ ಇಬ್ಬರೋ ಇರುತ್ತಾರೆ. ಕುರ್ಚಿಯ ಇನ್ನೊಂದು ತುದಿ ಹಿಡಿಯಿರಿ. ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಮಾತು ತಾನಾಗಿ ಶುರುವಾಗುತ್ತದೆ.

ನನ್ನ ಅನುಭವದಲ್ಲಿ, ಆ ಕುರ್ಚಿ ಜೋಡಿಸುವವರೇ ಗುಂಪಿನಲ್ಲಿ ನಂಬಬಹುದಾದ ಜನ. ಮೈಕ್ ಹಿಡಿದವರು ಆಮೇಲೆ.

ಮನಸ್ಸಿಗೆ ತುಂಬಾ ಕಷ್ಟ ಆಗಿದೆ. ಯಾರ ಹತ್ತಿರ ಹೇಳಿಕೊಳ್ಳಲಿ?

ಒಬ್ಬರ ಹತ್ತಿರ. ಇಡೀ ಗುಂಪಿನ ಮುಂದೆ ಬೇಡ. ಯಾರು ಆ ಒಬ್ಬರು ಎಂದು ಗುರುತಿಸಲು ನಾನು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಅವರು ಬೇರೆಯವರ ಗುಟ್ಟನ್ನು ನಿಮ್ಮ ಮುಂದೆ ಹೇಳುತ್ತಾರಾ? "ಪಾಪ, ಅವಳ ಮನೆ ಪರಿಸ್ಥಿತಿ ನಿಂಗೆ ಗೊತ್ತಾ" ಎಂದು ಶುರು ಮಾಡುವವರ ಹತ್ತಿರ ನಿಮ್ಮ ಮನೆ ಪರಿಸ್ಥಿತಿ ಹೇಳಬೇಡಿ. ಎರಡನೆಯದು, ಮಾತು ಮುಗಿಯುವ ಮೊದಲೇ ಬೈಬಲ್ ವಚನ ಹೇಳಿ, ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡುತ್ತಾರಾ? ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಅಂಥವರ ಹತ್ತಿರ ಅರ್ಧ ಮಾತೇ ಹೊರಗೆ ಬರುವುದು. ಬೈಬಲಿನಲ್ಲಿ ಎಲ್ಲವನ್ನೂ ಕಳಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಬಾಯಿ ಬಿಡದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲಾ ಕೆಟ್ಟಿತು.

ಸಣ್ಣ ವಿಷಯ ಹೇಳಿ ನೋಡಿ. ಅದು ಅಲ್ಲೇ ಉಳಿಯಿತಾ? ಮುಂದಿನ ವಾರ ಅವರೇ ನೆನಪಿಟ್ಟುಕೊಂಡು "ಆಮೇಲೆ ಏನಾಯ್ತು?" ಎಂದು ಕೇಳಿದರಾ? ಹಾಗಿದ್ದರೆ ದೊಡ್ಡದನ್ನೂ ಹೇಳಬಹುದು.

ಹೇಳಿದ್ದು 'ಪ್ರಾರ್ಥನೆ ವಿಷಯ' ಆಗಿ ಎಲ್ಲರಿಗೂ ಗೊತ್ತಾಗಿಬಿಟ್ಟರೆ?

ಇದು ಕ್ರೈಸ್ತ ಗುಂಪುಗಳಿಗೇ ಅಂಟಿದ ರೋಗ. ಗಾಸಿಪ್‌ಗೆ 'ಪ್ರಾರ್ಥನೆಗಾಗಿ' ಎಂಬ ಬಟ್ಟೆ ತೊಡಿಸಿದರೆ ಅದು ಗಾಸಿಪ್ ಅನಿಸುವುದೇ ಇಲ್ಲ. ಹೇಳುವಾಗಲೇ ಸ್ಪಷ್ಟವಾಗಿ ಹೇಳಿ: "ಅಕ್ಕಾ, ಇದು ನಮ್ಮಿಬ್ಬರ ಮಧ್ಯೆ ಇರಲಿ, ಗ್ರೂಪಿಗೆ ಹಾಕಬೇಡಿ." ಲೀಡರ್‌ಗಳಿಗೆ ನನ್ನ ನಿಯಮ ಒಂದೇ. ಯಾರ ವಿಷಯವೋ ಅವರ ಒಪ್ಪಿಗೆ ಇಲ್ಲದೆ ವಾಟ್ಸಾಪ್ ಗ್ರೂಪಿಗೆ ಒಂದು ಅಕ್ಷರವೂ ಹೋಗಬಾರದು. ಹೆಸರು ತೆಗೆದು 'ಒಬ್ಬ ಸಹೋದರಿ' ಎಂದು ಹಾಕಿದರೂ ಹದಿನೈದು ಜನರ ಗುಂಪಿನಲ್ಲಿ ಯಾರೆಂದು ಗೊತ್ತಾಗುವುದಿಲ್ವಾ?

ಗೆಳೆಯನೊಬ್ಬ ಸಾಯುವ ಮಾತಾಡುತ್ತಿದ್ದಾನೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದ್ದಾನೆ.

ಆಣೆ ಮುರಿಯಿರಿ. ಗುಟ್ಟು ಕಾಪಾಡುವ ನಿಯಮ ಇಲ್ಲಿ ನಡೆಯುವುದಿಲ್ಲ. ಅವನನ್ನು ಒಂಟಿಯಾಗಿ ಬಿಡಬೇಡಿ. ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ. ಮನೆಯವರಿಗೆ, ಕಾಲೇಜಿನ ಕೌನ್ಸೆಲರ್‌ಗೆ ಅಥವಾ ನಂಬಿಕಸ್ಥ ಹಿರಿಯರಿಗೆ ಆಗಲೇ ತಿಳಿಸಿ. ಅಪಾಯ ಕಣ್ಣೆದುರೇ ಇದ್ದರೆ ತುರ್ತು ಸೇವೆಗೆ ಫೋನ್ ಮಾಡಿ. ಪ್ರಾರ್ಥನೆ ಖಂಡಿತ ಮಾಡಿ, ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ ಮಾಡಿ. ಖಿನ್ನತೆಯನ್ನು 'ನಂಬಿಕೆ ಕಮ್ಮಿ' ಎಂದೋ 'ದುರಾತ್ಮ' ಎಂದೋ ಹೇಳಿ ಮಾತ್ರೆ ನಿಲ್ಲಿಸಲು ಹೇಳುವವರು ಗುಂಪಿನಲ್ಲಿದ್ದರೆ ಅವರನ್ನು ತಡೆಯುವುದೂ ಲೀಡರ್ ಕೆಲಸವೇ.

ಯಾರಾದರೂ ಹಿಂಸೆ ಅಥವಾ ಲೈಂಗಿಕ ದೌರ್ಜನ್ಯದ ವಿಷಯ ಹೇಳಿಕೊಂಡಾಗಲೂ ಹೀಗೇ. ಹೇಳಿದವರನ್ನು ನಂಬಿ, ಒಳಗೊಳಗೇ ಮುಚ್ಚಿಹಾಕಬೇಡಿ, ಕಾಲೇಜಿನಲ್ಲಿ ಅದಕ್ಕಾಗಿ ಇರುವ ಸಮಿತಿಗೋ ಪೊಲೀಸರಿಗೋ ದೂರು ಕೊಡಲು ಅವರ ಜೊತೆ ಹೋಗಿ. "ಕ್ಷಮಿಸಿಬಿಡು" ಎಂದು ಒತ್ತಾಯಿಸಲು ನಮಗೆ ಯಾವ ಹಕ್ಕೂ ಇಲ್ಲ.

ನನಗೆ ದೇವರ ಬಗ್ಗೆಯೇ ಅನುಮಾನ ಬಂದಿದೆ. ಕೂಟಕ್ಕೆ ಹೋಗುವುದು ನಾಟಕ ಅನಿಸುತ್ತಿದೆ.

ಹೋಗುತ್ತಿರಿ. ಸತ್ತ ಯೇಸು ಎದ್ದು ಬಂದಿದ್ದಾನೆ ಎಂದಾಗ ಶಿಷ್ಯ ತೋಮ "ನೋಡದೆ ನಂಬಲ್ಲ" ಎಂದವನು. ಆದರೆ ಎಂಟು ದಿನ ಆದ ಮೇಲೂ ಉಳಿದ ಶಿಷ್ಯರ ಜೊತೆ ಅದೇ ಮನೆಯಲ್ಲಿ ಇದ್ದ. ಅವರೂ ಅವನನ್ನು ಹೊರಗೆ ಹಾಕಿರಲಿಲ್ಲ. ನನಗೆ ಆ ಕಥೆಯಲ್ಲಿ ಇಷ್ಟವಾಗುವುದು ಈ ಎಂಟು ದಿನ. ಹಾಡಲು ಮನಸ್ಸಿಲ್ಲದಿದ್ದರೆ ಹಾಡಬೇಡಿ, ಕೂತಿರಿ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಅದೂ ಬೈಬಲಿನಲ್ಲೇ ಇದೆ.

ಲೀಡರ್ ಆಗು ಅನ್ನುತ್ತಿದ್ದಾರೆ. ನನಗೆ ಅಂಥ ಕರೆ ಬಂದಿಲ್ಲ, ಯೋಗ್ಯತೆಯೂ ಇಲ್ಲ.

ಯೋಗ್ಯತೆ ಇದೆ ಎನ್ನುವವರಿಗಿಂತ ಇಲ್ಲ ಎನ್ನುವವರ ಕೈಗೆ ಕೊಡುವುದು ವಾಸಿ, ಸರಿ. ಆದರೆ ವಿನಯದ ಹೆಸರಲ್ಲಿ ತಪ್ಪಿಸಿಕೊಳ್ಳುವುದೂ ಇದೆ. ಎರಡು ವಿಷಯ ಕೇಳಿಕೊಳ್ಳಿ. ಈ ವರ್ಷ ವಾರಕ್ಕೆ ನಾಲ್ಕೈದು ಗಂಟೆ ಕೊಡಲು ಆಗುತ್ತದಾ? ನಿಮ್ಮನ್ನು ಹತ್ತಿರದಿಂದ ಬಲ್ಲ ಇಬ್ಬರು ಹಿರಿಯರು "ಮಾಡು, ನಾವಿದ್ದೀವಿ" ಎನ್ನುತ್ತಾರಾ? ಎರಡಕ್ಕೂ ಹೌದು ಎಂದರೆ ಒಪ್ಪಿಕೊಳ್ಳಿ. ಆಕಾಶದಿಂದ ಧ್ವನಿ ಬರಲಿ ಎಂದು ಕಾಯುತ್ತಾ ಕೂತರೆ ಅಷ್ಟರಲ್ಲಿ ಡಿಗ್ರಿಯೇ ಮುಗಿದಿರುತ್ತದೆ.

ಮನೆಯಲ್ಲಿ ತಾಪತ್ರಯ ಇದೆ, ಬ್ಯಾಕ್‌ಲಾಗ್ ಇವೆ ಎಂದಾದರೆ ಧೈರ್ಯವಾಗಿ "ಈ ವರ್ಷ ಬೇಡ" ಅನ್ನಿ. ಅದಕ್ಕೆ ಪಾಪಪ್ರಜ್ಞೆ ಬೇಕಿಲ್ಲ.

ಲೀಡರನ್ನು ಆರಿಸುವುದು ಹೇಗೆ? ಓಟು ಹಾಕಬೇಕಾ?

ಓಟು ಹಾಕಿದರೆ ಗಿಟಾರ್ ಚೆನ್ನಾಗಿ ನುಡಿಸುವವನು ಗೆಲ್ಲುತ್ತಾನೆ. ತಮಾಷೆಗೆ ಹೇಳುತ್ತಿಲ್ಲ, ಮೂರು ಸಲ ನೋಡಿದ್ದೇನೆ.

ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ನೋಡಿ, ಅಪೊಸ್ತಲರು ಅಂದರೆ ಮೊದಲ ಕ್ರೈಸ್ತರ ಮುಂದಾಳುಗಳು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ಅನ್ಯಾಯ ಆಗುತ್ತಿದೆ ಎಂದು ಗೊಣಗಾಟ ಎದ್ದಿತು. ಅಪೊಸ್ತಲರು ಎಲ್ಲರನ್ನೂ ಕರೆದು ಕೆಲಸ ಏನು, ಎಂಥವರು ಬೇಕು ಎಂದು ಹೇಳಿದರು. ಜನ ಏಳು ಮಂದಿಯನ್ನು ಆರಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು! ಯಾರ ಕಡೆಯಿಂದ ದೂರು ಬಂದಿತ್ತೋ ಅವರ ಕೈಗೇ ಉಸ್ತುವಾರಿ ಹೋಯಿತು ಎಂದೇ ಹಲವರು ಇದನ್ನು ಓದುತ್ತಾರೆ. ಹಾಸ್ಟೆಲ್‌ನಲ್ಲಿರದೆ ದಿನಾ ಓಡಾಡುವವರನ್ನು ಗುಂಪು ಮರೆತೇಬಿಟ್ಟಿದೆ ಎಂದು ಒಬ್ಬಳು ಜಗಳವಾಡಿದರೆ, ಅವಳನ್ನೇ ಕಮಿಟಿಗೆ ಕರೆಯಿರಿ.

ಎಲ್ಲರಿಂದ ಹೆಸರು ಕೇಳಿ, ಈಗಿನ ಕಮಿಟಿ ಮತ್ತು ಸಲಹೆಗಾರರು ಕೂತು ಮಾತಾಡಿ, ಆ ವ್ಯಕ್ತಿಯನ್ನು ಖಾಸಗಿಯಾಗಿ ಕೇಳಿ, ಆಮೇಲೆ ಗುಂಪಿನ ಒಪ್ಪಿಗೆ ಪಡೆಯಿರಿ. ಹೋದ ತಿಂಗಳಷ್ಟೇ ನಂಬಿಕೆಗೆ ಬಂದು ಉತ್ಸಾಹದಲ್ಲಿರುವವರನ್ನು ಕೂಡಲೇ ಮೇಲೆ ಕೂರಿಸಬೇಡಿ. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೇ ಈ ಎಚ್ಚರಿಕೆ ಇದೆ, ಅವರ ಒಳ್ಳೆಯದಕ್ಕೇ.

ಹುಡುಗಿಯರು ಮುಂದಾಳು ಆಗಬಹುದಾ?

ಬೇರೆ ಬೇರೆ ಪಂಗಡಗಳಲ್ಲಿ ಇದರ ಬಗ್ಗೆ ಬೇರೆ ಬೇರೆ ನಿಲುವುಗಳಿವೆ. ವಿದ್ಯಾರ್ಥಿ ಗುಂಪು ಚರ್ಚ್ ಅಲ್ಲ, ಆಗಬಹುದು ಎಂಬುದು ನನ್ನ ನಿಲುವು. ಹಾಗೆ ನೋಡಿದರೆ ಬಹಳ ಕಡೆ ಕೆಲಸ ಅವರೇ ಮಾಡುತ್ತಿರುತ್ತಾರೆ, ಹೆಸರು ಮಾತ್ರ ಇನ್ನೊಬ್ಬರದ್ದು.

ಎಲ್ಲಾ ಕೆಲಸ ನನ್ನ ತಲೆ ಮೇಲೇ ಬಿದ್ದಿದೆ. ಯಾರೂ ಕೈ ಹಾಕುವುದಿಲ್ಲ.

ಈ ಪ್ರಶ್ನೆ ಬಂದಾಗಲೆಲ್ಲ ನನ್ನ ಬೀಗದ ಕೈ ನೆನಪಾಗುತ್ತದೆ. ನಾನು ಲೀಡರ್ ಆಗಿದ್ದಾಗ ಕೂಟ ನಡೆಯುವ ಕೋಣೆಯ ಬೀಗದ ಕೈ ನನ್ನ ಹತ್ತಿರ ಮಾತ್ರ ಇತ್ತು. ಹಾಡಿನ ಹಾಳೆಗಳು ನನ್ನ ಬ್ಯಾಗಿನಲ್ಲಿ. ಬೈಬಲ್ ಅಧ್ಯಯನ ನಾನೇ ತಯಾರಿಸುತ್ತಿದ್ದೆ. ಯಾರೂ ಸಹಾಯ ಮಾಡಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದೆ, ಆ ಕೊರಗಿನಲ್ಲಿ ಸ್ವಲ್ಪ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ಗುರುವಾರ ಜ್ವರ ಬಂದು ಮಲಗಿಬಿಟ್ಟೆ. ಫೋನ್ ಸೈಲೆಂಟ್‌ನಲ್ಲಿತ್ತು. ಎಂಟು ಜನ ಕಾರಿಡಾರ್‌ನಲ್ಲಿ ಮುಕ್ಕಾಲು ಗಂಟೆ ನಿಂತು ವಾಪಸ್ ಹೋದರು. ಅವರಲ್ಲಿ ಒಬ್ಬ ಅವತ್ತೇ ಮೊದಲ ಸಲ ಬಂದಿದ್ದನಂತೆ. ಮತ್ತೆ ಬರಲಿಲ್ಲ.

ಸಹಾಯ ಮಾಡಲು ಜನ ಇದ್ದರು. ನಾನೇ ಬೀಗದ ಕೈ ಕೊಟ್ಟಿರಲಿಲ್ಲ.

ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆಯ ಮಾವ ಇತ್ರೋ ಇದನ್ನೇ ನೋಡುತ್ತಾನೆ. ಅಳಿಯ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದಾನೆ, ಜನ ಸಾಲುಗಟ್ಟಿ ನಿಂತಿದ್ದಾರೆ. ಹೀಗೆ ಮಾಡಿದರೆ ನೀನೂ ಸೋತುಹೋಗುತ್ತೀಯ, ಜನವೂ ಸೋತುಹೋಗುತ್ತಾರೆ ಎಂದು ಬುದ್ಧಿ ಹೇಳಿ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಅಧಿಕಾರಿಯನ್ನು ಇಡಲು ಹೇಳುತ್ತಾನೆ. ನಿಮ್ಮದು ಹತ್ತು ಜನರ ಗುಂಪೇ ಇರಬಹುದು. ಆದರೂ ಕೆಲಸವನ್ನು ಹರಿದು ಹಂಚಿ. "ಯಾರಾದರೂ ಸಹಾಯ ಮಾಡಿ" ಎಂದು ಗ್ರೂಪಿಗೆ ಹಾಕಿದರೆ ಎಲ್ಲರೂ ಕೈಮುಗಿಯುವ ಇಮೋಜಿ ಕಳಿಸುತ್ತಾರೆ, ಅಷ್ಟೇ. ಒಬ್ಬರ ಹತ್ತಿರ ಹೋಗಿ, ಹೆಸರು ಹಿಡಿದು ಕೇಳಿ: "ಮುಂದಿನ ಎರಡು ವಾರ ಹಾಡು ನೀನು ಆರಿಸ್ತೀಯಾ?" ಕೊಟ್ಟ ಮೇಲೆ ಮಧ್ಯೆ ಬಾಯಿ ಹಾಕಬೇಡಿ. ಅವನು ಆರಿಸಿದ ಹಾಡು ನಿಮಗೆ ಇಷ್ಟ ಆಗಲಿಕ್ಕಿಲ್ಲ. ಹಾಡಿ.

ನಾನೇ ದಣಿದುಹೋಗಿದ್ದೇನೆ. ಪ್ರಾರ್ಥನೆಗೆ ಕೂತರೆ ಮಾತೇ ಬರುತ್ತಿಲ್ಲ.

ಮೊದಲು ನಿದ್ದೆ ಮಾಡಿ. ಬೈಬಲಿನ ಪ್ರವಾದಿ ಎಲೀಯ "ಸಾಕು, ಪ್ರಾಣ ತೆಗೆದುಕೋ" ಎಂದು ಅಡವಿಯಲ್ಲಿ ಮಲಗಿದಾಗ ದೇವದೂತ ಪ್ರಸಂಗ, ಅಂದರೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ದೇವದೂತ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆ ಬಂದ ಅಪ್ಪಣೆಗಳಲ್ಲಿ ಒಂದು, ಎಲೀಷನನ್ನು ನಿನ್ನ ಜಾಗಕ್ಕೆ ಅಭಿಷೇಕ ಮಾಡು ಎಂಬುದು. ನಿದ್ದೆ, ಊಟ, ಜೊತೆಗೊಬ್ಬ.

ಪರೀಕ್ಷೆ ಹತ್ತಿರ ಬಂದರೆ ಕೂಟವನ್ನು ಅರ್ಧ ಗಂಟೆಗೆ ಇಳಿಸಿ, ಎರಡು ವಾರ ನಿಲ್ಲಿಸಿದರೂ ಪರವಾಗಿಲ್ಲ. ಓದು ಬಿಟ್ಟು ಸೇವೆ ಮಾಡಿ ಫೇಲಾದರೆ ಅದರಿಂದ ಯಾರ ನಂಬಿಕೆಯೂ ಬಲವಾಗುವುದಿಲ್ಲ, ಮನೆಯವರು ಗುಂಪನ್ನು ಬೈಯುತ್ತಾರೆ, ಸರಿಯಾಗಿಯೇ ಬೈಯುತ್ತಾರೆ.

ಇನ್ನೊಂದು ಮಾತು. ಲೀಡರ್‌ಗೆ ಗುಂಪಿನ ಹೊರಗೆ ಒಬ್ಬರು ಬೇಕು. ಚರ್ಚಿನ ಹಿರಿಯರು, ಹಳೆಯ ವಿದ್ಯಾರ್ಥಿ, ಯಾರಾದರೂ ಆಗಲಿ, ತಿಂಗಳಿಗೊಮ್ಮೆ ಕೂತು ಮಾತಾಡಲು. "ಗುಂಪು ಹೇಗಿದೆ?" ಎನ್ನುವ ಮೊದಲು "ನೀನು ಹೇಗಿದ್ದೀಯ?" ಎನ್ನುವವರು.

ನಮ್ಮ ಲೀಡರ್ ಎಲ್ಲದಕ್ಕೂ 'ಇದು ದೇವರ ಚಿತ್ತ' ಎಂದು ಹೇಳಿ ಬಾಯಿ ಮುಚ್ಚಿಸುತ್ತಾನೆ.

ಎಚ್ಚರವಾಗಿರಿ. ಯಾರ ಜೊತೆ ಮಾತಾಡಬೇಕು, ಯಾರನ್ನು ಪ್ರೀತಿಸಬೇಕು, ಯಾವ ಕೋರ್ಸ್ ಸೇರಬೇಕು ಎಂದು ನಿಮ್ಮ ಪರವಾಗಿ ದೇವರ ಚಿತ್ತ ಹೇಳುವವರು, ಮನೆಯವರಿಂದ ದೂರ ಇರಿಸುವವರು, ಪಾಪ ಒಪ್ಪಿಕೊಂಡದ್ದನ್ನು ಆಮೇಲೆ ಎತ್ತಿ ಆಡುವವರು, ಬಿಟ್ಟು ಹೋದರೆ ಶಾಪ ತಟ್ಟುತ್ತದೆ ಎನ್ನುವವರು: ಇದರಲ್ಲಿ ಯಾವುದನ್ನು ಕಂಡರೂ ಹೊರಗಿನ ಹಿರಿಯರಿಗೆ ತಿಳಿಸಿ. ಮೊದಲು ಒಬ್ಬರೇ ಹೋಗಿ ಮಾತಾಡಬೇಕು ಎಂದು ಬೈಬಲಿನ ಮತ್ತಾಯ 18ನೇ ಅಧ್ಯಾಯ ತೋರಿಸಿ ಹೆದರಿಸುವುದೂ ಉಂಟು. ಅದು ಸಹೋದರರ ನಡುವಿನ ತಪ್ಪಿಗೆ ಸರಿ. ಅಧಿಕಾರ ಇರುವವನು ತೊಂದರೆ ಕೊಡುವಾಗ ನೀವು ಒಬ್ಬರೇ ಅವನ ಎದುರು ಹೋಗಿ ನಿಲ್ಲಬೇಕಾಗಿಲ್ಲ.

ಲೀಡರ್ ಹೊಸದಾಗಿ ಬಂದ ಜೂನಿಯರ್ ಜೊತೆ ಪ್ರೀತಿಯಲ್ಲಿ ಬಿದ್ದರೆ? ಅಪರಾಧ ಅಲ್ಲ. ಆದರೆ ಅವಳಿಗೆ ಆತ್ಮಿಕ ಸಲಹೆ ಕೊಡುವ ಕೆಲಸವನ್ನು ಅವತ್ತೇ ಬೇರೆಯವರಿಗೆ ಬಿಟ್ಟುಕೊಡಬೇಕು.

ಕಮಿಟಿಯಲ್ಲಿ ಜಗಳ ಆಗಿ ಇಬ್ಬರು ಮಾತು ಬಿಟ್ಟಿದ್ದಾರೆ.

ಊರೂರು ಸುತ್ತಿ ಸುವಾರ್ತೆ ಸಾರಿದ ಪೌಲ, ಬಾರ್ನಬರಂಥವರೇ ಜೊತೆಗಾರ ಮಾರ್ಕನ ವಿಷಯಕ್ಕೆ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಮೊದಲ ಪ್ರಯಾಣದ ಮಧ್ಯದಲ್ಲೇ ಬಿಟ್ಟು ಹೋದವನು ಬೇಡ ಎಂದ ಪೌಲ. ಇನ್ನೊಂದು ಅವಕಾಶ ಕೊಡೋಣ ಎಂದ ಬಾರ್ನಬ. ವರ್ಷಗಳ ಮೇಲೆ ಎರಡನೇ ತಿಮೊಥೆಯ ಪತ್ರದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂಬ ಮಾತು ಬರುತ್ತದೆ. ಈ ಸೆಮಿಸ್ಟರ್‌ನಲ್ಲೇ ಎಲ್ಲಾ ಸರಿಹೋಗಬೇಕು ಎಂಬ ಹಟ ಬೇಡ. ಇಬ್ಬರನ್ನೂ ಕೂರಿಸಿ ಮಾತಾಡಿಸಿ, ಆಗದಿದ್ದರೆ ಬೇರೆ ಬೇರೆ ಕೆಲಸ ಕೊಡಿ. ವಾಟ್ಸಾಪ್‌ನಲ್ಲಿ ಮಾತ್ರ ಜಗಳ ಬಗೆಹರಿಸಲು ಹೋಗಬೇಡಿ.

ಕಾಣಿಕೆ ದುಡ್ಡು ಹೇಗೆ ನೋಡಿಕೊಳ್ಳುವುದು?

ಎಣಿಸುವಾಗ ಇಬ್ಬರು ಇರಲಿ. ಬರೆದಿಡಿ. ತಿಂಗಳಿಗೊಮ್ಮೆ ಎಲ್ಲರಿಗೂ ತೋರಿಸಿ. ಲೀಡರ್ ಮತ್ತು ಖಜಾಂಚಿ ಒಬ್ಬರೇ ಆಗಬಾರದು.

ನಾವು ಮೂರೇ ಜನ ಉಳಿದಿದ್ದೇವೆ. ಗುಂಪು ಮುಚ್ಚಿಬಿಡೋಣವಾ?

1806ರಲ್ಲಿ ಅಮೆರಿಕದ ವಿಲಿಯಮ್ಸ್ ಕಾಲೇಜಿನ ಐದು ಹುಡುಗರು ಬಯಲಲ್ಲಿ ಪ್ರಾರ್ಥನೆಗೆ ಸೇರಿದ್ದಾಗ ಗುಡುಗು ಮಳೆ ಬಂದು ಹುಲ್ಲಿನ ಬಣವೆಯ ಮರೆಗೆ ಓಡಿದರು. ಅಲ್ಲೇ ಪ್ರಾರ್ಥಿಸಿದರು. ಅಮೆರಿಕದ ಮಿಷನರಿ ಚಳವಳಿಯ ಚರಿತ್ರೆ ಬರೆಯುವ ಹಲವರು ಆ ಬಣವೆಯಿಂದಲೇ ಶುರು ಮಾಡುತ್ತಾರೆ. ನಿಮ್ಮ ಮೂವರಿಂದ ಅಷ್ಟೆಲ್ಲ ಆಗಬೇಕಾಗಿಲ್ಲ. ಮೂವರಿಗೆ ಮೈಕ್ ಬೇಡ, ಪ್ರಸಂಗ ಬೇಡ, ಕಮಿಟಿ ಬೇಡ. ಒಟ್ಟಿಗೆ ಊಟ ಮಾಡಿ, ಒಂದು ಅಧ್ಯಾಯ ಓದಿ, ಒಬ್ಬರಿಗೊಬ್ಬರು ಪ್ರಾರ್ಥಿಸಿ. ಹೊಸ ವರ್ಷದ ಮೊದಲ ಎರಡು ವಾರ ಮಾತ್ರ ಮೈ ಮುರಿದು ಕೆಲಸ ಮಾಡಿ, ಏಕೆಂದರೆ ಹೊಸಬರು ಗೆಳೆಯರನ್ನು ಹುಡುಕುವುದು ಆಗಲೇ.

ಕೊನೆಯ ವರ್ಷ ಮುಗಿಯುತ್ತಾ ಬಂತು. ಬಿಟ್ಟು ಹೋಗಲು ಮನಸ್ಸೇ ಬರುತ್ತಿಲ್ಲ.

ಅದಕ್ಕೇ ಚಾರ್ಲ್ಸ್ ವೆಸ್ಲಿಯ ಕಥೆ ಹೇಳಿದ್ದು: ಶುರು ಮಾಡಿದವನು ಅವನಾದರೂ ಮುಂದಾಳತ್ವ ಇನ್ನೊಬ್ಬನ ಕೈಗೆ ಹೋಯಿತು. ಬಿಟ್ಟುಕೊಡುವುದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಕೊನೆಯ ಸೆಮಿಸ್ಟರ್ ಶುರುವಾಗುವಾಗಲೇ ಹೊಸ ತಂಡ ನಡೆಸಲಿ, ನೀವು ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಕೇಳಿದರೆ ಹೇಳಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಡಿ: ಕೋಣೆಗೆ ಅನುಮತಿ ಯಾರ ಹತ್ತಿರ ಕೇಳಬೇಕು, ಯಾವ ಪಾಸ್ಟರ್ ಕರೆದರೆ ಬರುತ್ತಾರೆ, ಪೆಟ್ಟಿಗೆಯಲ್ಲಿ ಎಷ್ಟು ದುಡ್ಡಿದೆ, ಯಾರ ಕಡೆ ಜಾಸ್ತಿ ಗಮನ ಬೇಕು (ಇದನ್ನು ಮಾತ್ರ ಬರೆಯದೆ, ಅವರನ್ನು ಕೇಳಿ ಬಾಯಲ್ಲಿ ಹೇಳಿ). ಗ್ರೂಪ್ ಅಡ್ಮಿನ್‌ನಿಂದ ನಿಮ್ಮ ಹೆಸರು ತೆಗೆಯಿರಿ.

ನಾನು ಬೀಗದ ಕೈ ಕೊಟ್ಟಿದ್ದು ಕುರ್ಚಿ ಜೋಡಿಸುತ್ತಿದ್ದ ಹುಡುಗಿಗೆ. ಅವಳು ಅದನ್ನು ಇಸಿದುಕೊಂಡು, "ಅಣ್ಣಾ, ಇದರ ಇನ್ನೊಂದು ನಕಲು ಮಾಡಿಸಬಹುದಲ್ವಾ?" ಎಂದಳು. ಮೂರು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ.